ಮೇಡಂ ತಿಕ್ಕಿದ ಕಾವಲಿ

ಕಳೆದ ತಿಂಗಳು ಕೋಟೆ ಹತ್ತಿರದ ಕಲ್ಯಾಣ ಮಂಟಪದಲ್ಲಿ ನನ್ನ ತಂಗಿಯ ಮಗಳ ನಿಶ್ಚಿತಾರ್ಥವಿತ್ತು. ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಹೊರಗೆ ಗದ್ದಲ ಮಾಡುತ್ತಿದ್ದರೆ, ಹುಡುಗಿ ಒಳಕೋಣೆಯಲ್ಲಿ ಕೂತು ನಿಧಾನವಾಗಿ ಉಗುರಿನ ಬಣ್ಣ ತೆಗೆಯುತ್ತಿದ್ದಳು. ಸೀರೆಗೆ ಅದು ಹೊಂದುತ್ತಿಲ್ಲವಂತೆ. ಕರೆದುಕೊಂಡು ಬರೋಣವೆಂದು ಬಾಗಿಲು ತಳ್ಳಿದೆ. ಅಸಿಟೋನಿನ ವಾಸನೆ ಮೂಗಿಗೆ ಬಡಿಯಿತು. ಹೂವಿನ ತಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ...

“ಯಾಕೆ ದೊಡ್ಡಮ್ಮ, ಏನಾಯ್ತು?” ಅಂದಳು.

“ಏನಿಲ್ಲ, ನಮ್ಮ ಮೇಡಂ ನೆನಪಾದ್ರು.”

“ಅವರೂ ನೇಲ್ ಪಾಲಿಶ್ ಹಚ್ತಿದ್ರಾ?”

ನಗು ಬಂತು. ಉಗುರಿಗೆ ಬಣ್ಣ ಹಚ್ಚಿಕೊಂಡವರನ್ನು ನಮ್ಮ ಮೇಡಂ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಅವರಿಗೆ ಅಸಿಟೋನ್ ಬೇಕಾಗುತ್ತಿದ್ದದ್ದು ನಮ್ಮ ಬೆರಳಿನ ಗುರುತುಗಳನ್ನು ಒರೆಸಲಿಕ್ಕೆ.

ನಾನು ಪಿಎಚ್.ಡಿ. ಮಾಡಿದ್ದು ಶಿವಮೊಗ್ಗದಲ್ಲೇ, ಅವರ ಕೈಕೆಳಗೆ. ಪ್ರಯೋಗಾಲಯ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಕಾಲೇಜಿನ ಸೈಕಲ್ ಸ್ಟ್ಯಾಂಡಿಗೆ ಗೋಡೆ ಹಂಚಿಕೊಂಡಿದ್ದ ಒಂದು ಉದ್ದನೆಯ ಕೋಣೆ. ಮಧ್ಯದಲ್ಲಿ ಹಂಡೆಯಷ್ಟು ದೊಡ್ಡದೊಂದು ಉಕ್ಕಿನ ಛೇಂಬರ್. ಅದರೊಳಗಿನ ಗಾಳಿಯನ್ನೆಲ್ಲ ಪಂಪು ಹೀರಿ ತೆಗೆಯಬೇಕು. ಆಮೇಲೆ ಒಂದಿಷ್ಟೇ ನೈಟ್ರೋಜನ್ ಬಿಟ್ಟು, ಅದರ ಕಣಗಳಿಗೆ ವಿದ್ಯುತ್ತಿನ ಚಾರ್ಜು ಕೊಟ್ಟು, ಒಂದು ಕಿರಣದ ಹಾಗೆ ಓಡಿಸಿ ನಾಣ್ಯದಗಲದ ಉಕ್ಕಿನ ಬಿಲ್ಲೆಗೆ ಹೊಡೆಸಬೇಕು. ಅಯಾನು ಕಿರಣ ಎಂದು ಪುಸ್ತಕದಲ್ಲಿ ಬರೆಯುತ್ತೇವೆ, ಬಾಯಲ್ಲಿ ಎಲ್ಲರೂ ಬೀಮ್ ಎನ್ನುತ್ತೇವೆ. ಆ ಕಣಗಳು ಬಿಲ್ಲೆಯ ಮೈಮೇಲೆ ಏನು ಮಾಡುತ್ತವೆ, ಎಷ್ಟು ಒಳಗೆ ಹೋಗುತ್ತವೆ, ಉಕ್ಕನ್ನು ಎಷ್ಟು ಗಟ್ಟಿ ಮಾಡುತ್ತವೆ... ಮೇಡಂ ತಮ್ಮ ಆಯುಷ್ಯವನ್ನೇ ಇದಕ್ಕೆ ಇಟ್ಟಿದ್ದರು.

ಬೆರಳಲ್ಲಿ ಮುಟ್ಟಿದರೆ ಬಿಲ್ಲೆ ಕೆಟ್ಟಿತು. ಚರ್ಮದ ಜಿಡ್ಡು ಅಂಟಿಕೊಳ್ಳುತ್ತದೆ, ಬೀಮ್ ಉಕ್ಕಿಗೆ ಬೀಳುವ ಬದಲು ಜಿಡ್ಡಿಗೆ ಬೀಳುತ್ತದೆ. ಹಾಗಾಗಿ ಕೈಗವಸು, ಚಿಮಟ, ಮತ್ತೆ ಮತ್ತೆ ಅಸಿಟೋನ್. ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ನನ್ನ ಅಜ್ಜಿ ಮಡಿಸೀರೆಯನ್ನು ಕೋಲಿನಿಂದ ಎತ್ತಿ ಹರವುತ್ತಿದ್ದರು, ಅದಕ್ಕೆ ನಮ್ಮ ಕೈ ತಗಲಿದರೆ ಊರು ಒಂದು ಮಾಡುತ್ತಿದ್ದರು. ಆ ಮಡಿಯಿಂದ ತಪ್ಪಿಸಿಕೊಂಡು ಓದಲು ಬಂದರೆ ಇಲ್ಲಿ ಅದರಪ್ಪನಂಥ ಮಡಿ. ನಾವು ಹಿಂದಿನಿಂದ ಅವರನ್ನು ‘ಮಡಿ ಮೇಡಂ’ ಎನ್ನುತ್ತಿದ್ದೆವು. ಅವರಿಗೂ ಗೊತ್ತಿತ್ತು. “ನಮ್ಮನೇಲಿ ಮಡಿ ಗಿಡಿ ಏನೂ ಇರ್ಲಿಲ್ಲ ಮಾರಾಯ್ತಿ. ನಮ್ಮಪ್ಪ ದಿನಾ ಸಂಜೆ ಮೈತುಂಬಾ ಕರಿಮಣ್ಣು ಮಾಡ್ಕೊಂಡು ಬರೋರು. ಇದೆಲ್ಲ ಈ ಡಬ್ಬಿ ಕಲಿಸಿದ್ದು” ಎಂದು ಛೇಂಬರಿನ ಕಡೆ ಗಲ್ಲ ಎತ್ತಿ ತೋರಿಸುತ್ತಿದ್ದರು. ಅದನ್ನು ತೋರಿಸಲಿಕ್ಕೂ ಬೆರಳು ಬಳಸುತ್ತಿರಲಿಲ್ಲ.

ಅವರಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಎರಕದ ಕೆಲಸದಲ್ಲಿದ್ದು ನಿವೃತ್ತರಾದವರು. ನಾವು ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದೆವು. ತಾಯಿ ತೀರಿಕೊಂಡಿದ್ದರು. ಮೇಡಂ ಮದುವೆ ಮಾಡಿಕೊಳ್ಳಲಿಲ್ಲ, ಯಾಕೆಂದು ಕೇಳುವ ಧೈರ್ಯ ನಮಗಿರಲಿಲ್ಲ. ದೊಡ್ಡ ಊರಿನ ದೊಡ್ಡ ಪ್ರಯೋಗಾಲಯದಲ್ಲಿ ಕಲಿತವರು, ಇಲ್ಲೇ ಇರಿ ಎಂದು ಅಲ್ಲಿಯವರು ಹೇಳಿದರೂ ಕೇಳದೆ ಬಂದು, ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ಕಬ್ಬಿಣದ ಊರಲ್ಲಿ ಹುಟ್ಟಿದವಳು ಕಬ್ಬಿಣಕ್ಕೇ ಏನಾದರೂ ಮಾಡಬೇಕು ಎಂಬುದೊಂದು ಹಠ ಅವರಿಗಿತ್ತು. ಕಾರ್ಖಾನೆಯ ಸದ್ದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದ ಕಾಲ ಅದು. ಹಠಕ್ಕೆ ಅದೂ ಒಂದು ಕಾರಣ ಇದ್ದಿರಬೇಕು.

ಆ ಹಠ ಕೊನೆಗೂ ಫಲ ಕೊಟ್ಟಿತು. ನಮ್ಮ ಬೀಮಿನಡಿ ಹಾದು ಬಂದ ಬಿಲ್ಲೆಗಳು ಯಾರೂ ನಿರೀಕ್ಷಿಸದಷ್ಟು ಗಟ್ಟಿಯಾಗಿದ್ದವು. ಬೀಮ್ ಬಿದ್ದಲ್ಲಿ ಒಂದು ಕಪ್ಪು ಮಚ್ಚೆ. ವಜ್ರದ ಸೂಜಿ ಒತ್ತಿ ಅಳೆದರೆ ಅಲ್ಲಿ ಸೂಜಿ ಇಳಿಯುತ್ತಲೇ ಇರಲಿಲ್ಲ. ಬೇರೆ ಪ್ರಯೋಗಾಲಯದವರಿಗೆ ಇಷ್ಟು ಗಟ್ಟಿ ಬಂದಿರಲಿಲ್ಲ. ಮೇಡಂ ಅದನ್ನು ಬರೆದರು, ಒಳ್ಳೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಹೊರಗಿನವರು ಗಮನಿಸಿದರು. ಅದೇ ಫಲಿತಾಂಶದ ಬಲದ ಮೇಲೆ ಒಂದು ದೊಡ್ಡ ಯಂತ್ರಕ್ಕೆ ಅರ್ಜಿ ಹೋಯಿತು. ಅದು ಬಂದರೆ ಬಿಲ್ಲೆಯಲ್ಲ, ಕಾಗದ ಕತ್ತರಿಸುವ ಉದ್ದುದ್ದ ಬ್ಲೇಡುಗಳನ್ನೇ ಗಟ್ಟಿ ಮಾಡಬಹುದು. ಭದ್ರಾವತಿಯಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದವರೊಬ್ಬರು ಬ್ಲೇಡು ಮಾಡಿಕೊಡಲು ತಯಾರಾಗಿ ಕಾಯುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವರು ಅಜ್ಜ. ಮೇಡಂ ಅವರಿಗೊಂದು ಸಣ್ಣ ಉಳಿಯನ್ನು ಬೀಮಿನಡಿ ಇಟ್ಟು ಗಟ್ಟಿ ಮಾಡಿಕೊಟ್ಟಿದ್ದರು. ಅದನ್ನು ಕರ್ಚೀಫಿನಲ್ಲಿ ಸುತ್ತಿ ಅಂಗಿಯ ಜೇಬಲ್ಲಿಟ್ಟುಕೊಂಡು, ಕಾರ್ಖಾನೆ ಗೇಟಿನ ಹತ್ತಿರದ ಟೀ ಅಂಗಡಿಗೆ ದಿನಾ ಹೋಗುತ್ತಿದ್ದರು. ಅಲ್ಲಿ ಅವರ ಹಳೆಯ ಜೊತೆಗಾರರೆಲ್ಲ ಸೇರುತ್ತಿದ್ದರು, ಕನ್ನಡ ತಮಿಳು ತೆಲುಗು ಎಲ್ಲ ಬೆರೆಸಿ ಮಾತು. “ಮುಟ್ಟಿ ನೋಡ್ರೋ, ನನ್ನ ಮಗಳು ಮಾಡಿದ್ದು” ಎಂದು ಉಳಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅಷ್ಟೊಂದು ಬೆರಳುಗಳು... ಮೇಡಂ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

ಯಂತ್ರದ ವಿಷಯ ಇನ್ನೇನು ತೀರ್ಮಾನವಾಗಬೇಕು ಎನ್ನುವ ಹೊತ್ತಿಗೆ ಒಂದು ಭಾನುವಾರ ಮೇಡಂ ನನ್ನನ್ನು ಭದ್ರಾವತಿಗೆ ದೋಸೆ ತಿನ್ನಲು ಕರೆದರು. ಊಟ ತಿಂಡಿಗೆ ಕರೆಯುವ ಜಾಯಮಾನ ಅವರದಲ್ಲ. ಅವತ್ತು ಬಹಳ ಗೆಲುವಾಗಿದ್ದರು. ನಾನು ಹೋಗುವಷ್ಟರಲ್ಲಿ ಅಡುಗೆಮನೆಯಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು, ಒಲೆಯ ಮೇಲೆ ಕಾವಲಿ ಬೆಳ್ಳಗೆ ಹೊಳೆಯುತ್ತಿತ್ತು. ಕಬ್ಬಿಣದ ದೋಸೆ ಕಾವಲಿ ಅಷ್ಟು ಬೆಳ್ಳಗಿರುವುದನ್ನು ನಾನು ಅಂಗಡಿಯಲ್ಲೂ ನೋಡಿರಲಿಲ್ಲ. “ಎಷ್ಟು ಕರಿ ಹಿಡಿದಿತ್ತು ಗೊತ್ತಾ? ನಿನ್ನೆ ಇಡೀ ದಿನ ತಿಕ್ಕಿದೆ” ಎಂದು ಹೆಮ್ಮೆಯಿಂದ ಹೇಳಿದರು. ಮಡಿ ಮೇಡಂ ರಜೆಯಲ್ಲೂ ಸುಮ್ಮನಿದ್ದವರಲ್ಲ.

ಮೊದಲ ದೋಸೆ ಹುಯ್ದರು, ಏಳಲಿಲ್ಲ. ಎರಡನೆಯದೂ ಏಳಲಿಲ್ಲ. ಮೂರನೆಯದನ್ನು ಕೆರೆದು ತೆಗೆದರೆ ಉಪ್ಪಿಟ್ಟಿನ ಹಾಗೆ ಬಂತು. ನಾನು ಅದನ್ನೇ ಚಟ್ನಿಯಲ್ಲಿ ಅದ್ದಿಕೊಂಡು ಚೆನ್ನಾಗಿದೆ ಎಂದೆ. ಅಜ್ಜ ಬಾಗಿಲಲ್ಲಿ ಬಂದು ನಿಂತು, ಕಾವಲಿ ನೋಡಿ, ಹಣೆಗೆ ಕೈಯಿಟ್ಟುಕೊಂಡರು.

“ಅಯ್ಯೋ ಪುಟ್ಟಿ, ಇದನ್ನ ಯಾಕ್ ತಿಕ್ಕಕ್ ಹೋದೆ? ನಿಮ್ಮಮ್ಮ ಮದುವೆಯಾಗಿ ಬಂದಾಗಿಂದ ಎಣ್ಣೆ ಕುಡಿಸಿ ಕುಡಿಸಿ ಪಳಗಿಸಿದ್ಲು. ಇದ್ದಿದ್ರೆ ಇವತ್ತು ನಿನ್ನ ಸುಮ್ನೆ ಬಿಡ್ತಿರ್ಲಿಲ್ಲ.”

ಮೇಡಂ ಮುಖ ಸಣ್ಣದಾಯಿತು. “ಅದು ಬರೀ ಕೊಳೆ ಅಂದ್ಕೊಂಡೆ ಅಪ್ಪಾ. ಪುಡಿ ಹಾಕಿ ತಿಕ್ಕಿದ್ರೂ ಹೋಗ್ಲಿಲ್ಲ, ಸ್ಟೀಲ್ ನಾರಿಗೂ ಜಗ್ಗಲಿಲ್ಲ. ಎಷ್ಟು ಗಟ್ಟಿ ಅಂದ್ರೆ, ಕೊನೆಗೆ ನಿಮ್ಮ ಉಳಿ ತಗೊಂಡು ಕೆರೆದೆ...”

ಅಷ್ಟು ಹೇಳಿ ನಿಲ್ಲಿಸಿದರು. ಸೌಟು ಕೈಯಲ್ಲೇ ಇತ್ತು. ಒಲೆ ಉರಿಯುತ್ತಲೇ ಇತ್ತು, ನಾನೇ ಹೋಗಿ ಆರಿಸಿದೆ. ಮೇಡಂ ಹಿತ್ತಲ ಕಡೆ ನಡೆದರು, ನಾನೂ ಹಿಂದೆ ಹೋದೆ. ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಹಿಂದಿನ ದಿನ ಕೆರೆದ ಕಪ್ಪು ಚಕ್ಕೆಗಳು ಇನ್ನೂ ಬಿದ್ದಿದ್ದವು. ಪಕ್ಕದಲ್ಲಿ ಅಜ್ಜನ ಉಳಿ. ಕೆರೆದ ರಭಸಕ್ಕೆ ಅದರ ತುದಿಯ ಕಪ್ಪು ಮೈಯೂ ಅಲ್ಲಲ್ಲಿ ಸಿಪ್ಪೆಯೆದ್ದಿತ್ತು. ಮೇಡಂ ಉಗುರಿನಿಂದ ಅದರದೊಂದು ಚಕ್ಕೆ ಎಬ್ಬಿಸಿ ಅಂಗೈಯಲ್ಲಿಟ್ಟುಕೊಂಡರು. ಕಾವಲಿಯದೊಂದು ಚಕ್ಕೆಯನ್ನು ಅದರ ಪಕ್ಕ ಇಟ್ಟುಕೊಂಡರು. ಬರಿಗೈಯಲ್ಲಿ. ನಾನು ಅವರ ಬರಿಗೈಯನ್ನೇ ನೋಡುತ್ತಿದ್ದೆ, ಅವರು ಏನು ನೋಡುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ನನಗಿಂತ ಮೊದಲೇ ಬಂದು ನೈಟ್ರೋಜನ್ ಸಿಲಿಂಡರ್ ಬಿಚ್ಚಿಸಿ ಆರ್ಗಾನ್ ಸಿಲಿಂಡರ್ ಹಾಕಿಸಿದ್ದರು. ಆರ್ಗಾನ್ ಯಾರ ಜೊತೆಗೂ ಸೇರದ ಅನಿಲ. ಉಕ್ಕಿನ ಜೊತೆ ಕೂಡಿ ಅದನ್ನು ಹಾಗೆ ಗಟ್ಟಿ ಮಾಡುವ ಗುಣ ಅದಕ್ಕಿಲ್ಲ. ನಮ್ಮ ಬಿಲ್ಲೆ ಗಟ್ಟಿಯಾಗಿದ್ದು ನೈಟ್ರೋಜನ್ನಿಂದಲೇ ಆಗಿದ್ದರೆ, ಆರ್ಗಾನ್ ಹೊಡೆದ ಬಿಲ್ಲೆ ಮೆತ್ತಗೇ ಉಳಿಯಬೇಕು. ಅವತ್ತು ಅದೃಷ್ಟಕ್ಕೋ ದುರದೃಷ್ಟಕ್ಕೋ ಕರೆಂಟ್ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಲ್ಲೆ ಹೊರಗೆ ಬಂತು. ಅದೇ ಕಪ್ಪು ಮಚ್ಚೆ. ವಜ್ರದ ಸೂಜಿ ಒತ್ತಿದರು. ಇಳಿಯಲಿಲ್ಲ.

ಆಮೇಲೆ ಸ್ಟೂಲಿನ ಮೇಲೆ ಕೂತು ನನಗೆ ವಿವರಿಸಿದರು. ಗಾಳಿ ಹೀರುವ ನಮ್ಮ ಪಂಪಿನ ಹೊಟ್ಟೆಯಲ್ಲಿ ಎಣ್ಣೆ ಕುದಿಯುತ್ತಿರುತ್ತದೆ, ಅದರ ಆವಿಯೇ ಗಾಳಿಯನ್ನು ಹೊರಗೆ ತಳ್ಳುವುದು. ಆ ಆವಿಯಲ್ಲಿ ಒಂಚೂರು ತಪ್ಪಿಸಿಕೊಂಡು ಮೇಲೆ ಬಂದು ಬಿಲ್ಲೆಯ ಮೇಲೆ ಕೂರುತ್ತಿತ್ತು. ಬೀಮ್ ಬಂದು ಅದನ್ನು ಒಡೆದು, ಕಾಯಿಸಿ, ಕಾವಲಿಯ ಕರಿಯ ಹಾಗೆ ಗಟ್ಟಿ ಪದರ ಮಾಡುತ್ತಿತ್ತು. ನಾವು ಇಷ್ಟು ವರ್ಷ ಅಳೆದದ್ದು ಉಕ್ಕನ್ನಲ್ಲ, ಆ ಪದರವನ್ನು. ನಮ್ಮ ಬೆರಳಿನ ಜಿಡ್ಡಿಗೆ ಅಷ್ಟೆಲ್ಲ ಕಾವಲು ಕಾದೆವಲ್ಲ, ಜಿಡ್ಡು ಬರುತ್ತಿದ್ದದ್ದು ಚೊಕ್ಕಟ ಮಾಡುವ ಪಂಪಿನಿಂದಲೇ.

“ನಾವು ದೋಸೆ ಹುಯ್ತಿದ್ವಿ ಮಾರಾಯ್ತಿ, ದೋಸೆ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಥೀಸಿಸ್ಸಿನ ಮುಕ್ಕಾಲು ಪಾಲು ಆ ಮಚ್ಚೆಗಳ ಮೇಲೇ ನಿಂತಿತ್ತು.

ಇದನ್ನು ಹೊರಗೆ ಹೇಳಿದರೆ ಅಚ್ಚಾದ ಲೇಖನವನ್ನು ಹಿಂದೆ ಪಡೆಯಬೇಕು, ಯಂತ್ರ ಕೈತಪ್ಪುತ್ತದೆ, ಮೇಡಂ ಹೆಸರಿನ ಮುಂದೆ ಒಂದು ತಪ್ಪು ಶಾಶ್ವತವಾಗಿ ಕೂರುತ್ತದೆ. ವಿಭಾಗದ ಮುಖ್ಯಸ್ಥರು ಒಳ್ಳೆಯ ಮನುಷ್ಯ. ಚಹಾ ತರಿಸಿ ಕೂರಿಸಿಕೊಂಡು ಹೇಳಿದರು, “ಗಟ್ಟಿ ಆಗಿರೋದಂತೂ ಸುಳ್ಳಲ್ವಲ್ಲಮ್ಮ. ಮೆಷಿನ್ ಬರ್ಲಿ, ಅದರಲ್ಲೇ ಸರಿಯಾಗಿ ಮಾಡಿ, ಆಮೇಲೆ ತಿದ್ದಿದ್ರಾಯ್ತು.” ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಮೇಡಂ ಚಹಾ ಕುಡಿದು ಎದ್ದು ಬಂದರು. ಆ ವಾರವೆಲ್ಲ ಬಿಲ್ಲೆ ಒರೆಸುತ್ತಾ ಕೂತಿರುತ್ತಿದ್ದರು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಒಂದೇ ಒಂದು ಸಲ ಬಾಯಿ ಬಿಟ್ಟು, “ಪತ್ರಿಕೆಯವರಿಗೆ ಬರೆಯೋದು ಕಷ್ಟ ಅಲ್ಲ ಕಣೆ. ಅಪ್ಪನಿಗೆ ಏನಂತ ಹೇಳ್ಲಿ?” ಎಂದರು.

ಶನಿವಾರ ನನ್ನನ್ನೂ ಬಸ್ಸಿಗೆ ಹತ್ತಿಸಿಕೊಂಡರು. ಒಬ್ಬರೇ ಹೇಳಲಾರದೆ ಕರೆದುಕೊಂಡು ಹೋದರೆಂದು ನನಗೆ ಗೊತ್ತಿತ್ತು. ಅಜ್ಜ ಜಗಲಿಯಲ್ಲಿ ಕೂತು, ಟೀ ಅಂಗಡಿಗೆ ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಮೇಡಂ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು ಎಲ್ಲ ಹೇಳಿದರು. ವಿಜ್ಞಾನದ ಮಾತು ಒಂದೂ ಬಳಸಲಿಲ್ಲ, ಕಾವಲಿಯ ಲೆಕ್ಕದಲ್ಲೇ ಹೇಳಿದರು.

ಅಜ್ಜ ಜೇಬಿನಿಂದ ಕರ್ಚೀಫು ತೆಗೆದು ಉಳಿ ಬಿಚ್ಚಿದರು. “ಹಾಗಾದ್ರೆ ಇದು?”

“ಮೇಲೆ ಮಾತ್ರ ಅಪ್ಪಾ. ಇನ್ನು ಸ್ವಲ್ಪ ದಿನಕ್ಕೆ ಪೂರ್ತಿ ಸಿಪ್ಪೆ ಏಳುತ್ತೆ.”

ಅಜ್ಜ ಬಹಳ ಹೊತ್ತು ಅದನ್ನು ಹೊರಳಿಸಿ ನೋಡಿದರು. ಅವರ ಮುಖ ನೋಡಲಾಗದೆ ನಾನು ಬೀದಿಯ ಕಡೆ ತಿರುಗಿದೆ. ಆಮೇಲೆ ಅವರು ಮಾತಾಡಿದ್ದು ಉಳಿಯ ಬಗ್ಗೆ ಅಲ್ಲ.

“ಎರಕದಲ್ಲಿ ಒಂದೊಂದ್ಸಲ ಒಳಗೆ ಗಾಳಿ ಸಿಕ್ಕಿ ಗುಳ್ಳೆ ಆಗ್ಬಿಡುತ್ತೆ ಪುಟ್ಟಿ. ಮೇಲಿಂದ ನೋಡಿದ್ರೆ ಚೆನ್ನಾಗೇ ಇರುತ್ತೆ. ಎಲ್ಲೆಲ್ಲೋ ಏನೇನೋ ಮೆತ್ತಿ ಬಣ್ಣ ಹೊಡೆದು ಕಳಿಸ್ತಾರಂತೆ. ನಾವು ಹಾಗ್ ಮಾಡ್ತಿರ್ಲಿಲ್ಲ. ಒಡೆದು ವಾಪಸ್ ಕುಲುಮೆಗೆ ಹಾಕ್ತಿದ್ವಿ. ಮಾಡಿದವನಿಗೆ ಹೊಟ್ಟೆ ಉರಿಯೋದು. ಆದ್ರೆ ಕಬ್ಬಿಣ ಎಲ್ಲೂ ಹೋಗಲ್ಲ. ಇನ್ನೊಂದ್ಸಲ ಹುಯ್ಯಬಹುದು.”

ಅಷ್ಟು ಹೇಳಿ ಎದ್ದರು. ಉಳಿಯನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಟೀ ಅಂಗಡಿಯ ಕಡೆ ಹೊರಟರು. “ಎಲ್ಲಿಗಪ್ಪಾ?” ಎಂದು ಮೇಡಂ ಗಾಬರಿಯಿಂದ ಕೇಳಿದರು.

“ಅವರಿಗೆ ನಾನೇ ತಾನೆ ಹೇಳಿದ್ದು. ತಪ್ಪಾಗಿದೆ ಅಂತಾನೂ ನಾನೇ ಹೇಳ್ಬೇಕು.”

ಆ ಅಂಗಡಿಯಲ್ಲಿ ಅವರು ಏನು ಹೇಳಿದರೋ, ಜೊತೆಗಾರರು ಏನೆಂದರೋ, ನನಗೆ ಇಂದಿಗೂ ಗೊತ್ತಿಲ್ಲ. ಮೇಡಂ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಕೇಳಿಸಿಕೊಂಡದ್ದು ಅದೊಂದೇ ಸಲ. ಮುಂದಿನ ವಾರ ಪತ್ರಿಕೆಗೂ ಬರೆದರು, ಯಂತ್ರ ಮಂಜೂರು ಮಾಡುವ ಸಮಿತಿಗೂ ಬರೆದರು.

ಯಂತ್ರ ಬೇರೆ ಯಾವುದೋ ಊರಿಗೆ ಹೋಯಿತು. ವರ್ಕ್‌ಶಾಪಿನವರು ಬೇರೆ ಕೆಲಸ ಹಿಡಿದರು. ಕೆಲವರು ಹಿಂದಿನಿಂದ ಆಡಿಕೊಂಡರು, ಆನೆ ನಡೆದದ್ದೇ ದಾರಿ ಎನ್ನಲು ನಮ್ಮ ಮೇಡಂ ಆನೆಯೂ ಆಗಿರಲಿಲ್ಲ. ಸಭೆಗಳಿಗೆ ಕರೆ ಬರುವುದು ನಿಂತಿತು. ನನ್ನ ಥೀಸಿಸ್ಸನ್ನೂ ಅವರು ಕುಲುಮೆಗೆ ಹಾಕಿಸಿದರು. ಪಂಪಿನ ಎಣ್ಣೆ ಮೇಲಕ್ಕೆ ಹೇಗೆ ಬರುತ್ತದೆ, ಬೀಮಿನಡಿ ಹೇಗೆ ಪದರವಾಗುತ್ತದೆ, ಅದನ್ನು ತಡೆಯುವುದು ಹೇಗೆ ಎಂದು ಮೊದಲಿನಿಂದ ಶುರು ಮಾಡಿಸಿದರು. ನನಗೆ ಸಿಟ್ಟು ಬಂದಿತ್ತು, ಮುಚ್ಚಿಡುವುದೇಕೆ. ಜೊತೆಯವರೆಲ್ಲ ಕೆಲಸಕ್ಕೆ ಸೇರಿದರೆ ನಾನು ಕೊಳೆಯ ಮೇಲೆ ಡಾಕ್ಟರೇಟು ಮಾಡುತ್ತಿದ್ದೆ. ಆದರೆ ಆ ಕೆಲಸ ಸುಳ್ಳಾಗಲಿಲ್ಲ, ಗಟ್ಟಿಯಾಗಿ ಉಳಿಯಿತು. ಯಾರ್ಯಾರೋ ದೂರದವರು, ನಮ್ಮಲ್ಲೂ ಹೀಗೇ ಆಗಿತ್ತು, ನಿಮ್ಮದು ಓದಿದ ಮೇಲೆ ತಿಳಿಯಿತು ಎಂದು ಬರೆಯುತ್ತಿದ್ದರು. ಮೇಡಂ ಅದನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಬಿಲ್ಲೆಯ ಕಡೆ ತಿರುಗುತ್ತಿದ್ದರು.

ಹಾಗೇ ನಿವೃತ್ತರಾದರು. ಛೇಂಬರನ್ನು ಕಾಲೇಜಿನವರು ಹೊರಗೆ ಸೈಕಲ್ ಸ್ಟ್ಯಾಂಡಿನಲ್ಲಿ ಹಾಕಿದರು. ಒಂದಷ್ಟು ಕಾಲ ಹುಡುಗರು ಅದರ ಮೇಲೆ ಹೆಲ್ಮೆಟ್ ಇಡುತ್ತಿದ್ದರು, ಆಮೇಲೆ ಅದೂ ಕಾಣಲಿಲ್ಲ. ಅಜ್ಜ ಹೋದರು. ಕಳೆದ ಬೇಸಿಗೆಯಲ್ಲಿ ಮೇಡಂ ಕೂಡ... ಕಾಯಿಲೆಯನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆ ಖಾಲಿ ಮಾಡುತ್ತಿದ್ದ ಅವರ ಸೋದರಮಾವನ ಮಗ, “ನಿಮಗೆ ಅಂತ ಏನಾದ್ರೂ ಬೇಕಿದ್ರೆ ತಗೊಳ್ಳಿ” ಎಂದರು. ಪುಸ್ತಕಗಳು ಆಗಲೇ ಲೈಬ್ರರಿಗೆ ಹೋಗಿದ್ದವು. ನಾನು ಅಡುಗೆಮನೆಗೆ ಹೋಗಿ ಕಾವಲಿ ಎತ್ತಿಕೊಂಡೆ.

ಅದು ಮತ್ತೆ ಕರ್ರಗಾಗಿತ್ತು. ಆ ಭಾನುವಾರದ ನಂತರ ಮೇಡಂ ಅದನ್ನು ಹೊಸದಾಗಿ ಪಳಗಿಸಲು ಕೂತಿದ್ದರು. ಅರ್ಧ ಹೋಳು ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಬಿಸಿ ಕಾವಲಿಗೆ ಉಜ್ಜುವುದು, ಆರಿದ ಮೇಲೆ ಅಂಗೈಯಿಂದ ಇನ್ನೊಂದು ಸಲ ಸವರುವುದು. ನಾನು ಹೋದಾಗಲೆಲ್ಲ ಮಾಡುತ್ತಿದ್ದರು. ದೋಸೆ ಸಲೀಸಾಗಿ ಏಳಲು ಬಹಳ ವರ್ಷ ಹಿಡಿಯಿತು. ಎದ್ದ ದಿನ ನನಗೆ ಫೋನ್ ಮಾಡಿ ಹೇಳಿದ್ದರು.

ನಿಶ್ಚಿತಾರ್ಥದ ಮರುದಿನ ನೆಂಟರೆಲ್ಲ ಹೊಸಮನೆಯ ನಮ್ಮ ಮನೆಯಲ್ಲೇ ಇದ್ದರು. ಅಷ್ಟೂ ಜನಕ್ಕೆ ಆ ಕಾವಲಿಯಲ್ಲೇ ದೋಸೆ ಹುಯ್ದೆ. ತಿಂಡಿ ಮುಗಿದ ಮೇಲೆ ಹೊಸ ಉಂಗುರದ ಹುಡುಗಿ ಸಹಾಯ ಮಾಡುತ್ತೇನೆಂದು ಸಿಂಕಿನ ಹತ್ತಿರ ಹೋಗಿ, ಕಾವಲಿಗೆ ನೀರು ಬಿಟ್ಟು, ಸ್ಟೀಲ್ ನಾರು ಕೈಗೆತ್ತಿಕೊಂಡಳು. “ಎಷ್ಟು ಕರಿ ಹಿಡಿದಿದೆ ದೊಡ್ಡಮ್ಮ” ಎಂದಳು. ಓಡಿ ಹೋಗಿ ಕಿತ್ತುಕೊಂಡೆ. ಪಾಪ, ಬೆಚ್ಚಿಬಿದ್ದಳು.

“ಅದು ಕರಿ ಅಲ್ಲ ಮಾರಾಯ್ತಿ, ನಮ್ಮ ಮೇಡಂದು” ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಕೂರಿಸಿಕೊಂಡು ಇದನ್ನೆಲ್ಲ ಹೇಳಬೇಕಾಯಿತು.

ಪ್ರಯೋಗಾಲಯದಲ್ಲಿ ಮೇಡಂ ಮುಟ್ಟಿದ ವಸ್ತುಗಳಲ್ಲಿ ಒಂದರ ಮೇಲೂ ಅವರ ಬೆರಳಿನ ಗುರುತಿಲ್ಲ. ಅಷ್ಟೂ ವರ್ಷ ತಾವೇ ಕೂತು ಒರೆಸಿದರು. ಹೆಸರು ತಂದ ಲೇಖನವನ್ನೂ ತಾವೇ ವಾಪಸ್ ಪಡೆದರು. ಅವರಮ್ಮನ ಕೈಯ ಎಣ್ಣೆಯನ್ನು ಉಳಿಯಲ್ಲಿ ಕೆರೆದು ತೆಗೆದು, ಅದರ ಜಾಗಕ್ಕೆ ಬರಿಗೈಯಲ್ಲಿ ತಮ್ಮದನ್ನು ಕೂರಿಸಿದರು. ಅವರ ಕೈ ಉಳಿದಿರುವುದು ಇದೊಂದರ ಮೇಲೆ. ಕಾವಲಿಯನ್ನು ಬಟ್ಟೆಯಿಂದ ಒರೆಸಿ, ಒಲೆಗಿಟ್ಟು, ಈರುಳ್ಳಿ ಹೆಚ್ಚಿಕೊಂಡೆ. ಕಣ್ಣಲ್ಲಿ ನೀರು ಬಂತು. ಹುಡುಗಿ ಈರುಳ್ಳಿಗೆ ಎಂದುಕೊಂಡಿರಬೇಕು.